ಹೆಸರು ಕೊರೆಸಿದ ಬಟ್ಟಲು

ಜೂನ್ 12, 2024

ಮೋಕ್ಷಾ ಬಸುರಿ. ಬೆಳಿಗ್ಗೆ ನಾನು ಕಾಲೇಜಿಗೆ ಹೊರಡುವ ಗಡಿಬಿಡಿಯಲ್ಲಿ ಕೊಡೆ ಹುಡುಕುತ್ತಿದ್ದಾಗ ಅಡುಗೆಕೋಣೆಯ ಬಾಗಿಲಿಗೆ ಒರಗಿ ನಿಂತು, "ಅತ್ತೆ, ಒಂದು ವಿಷಯ ಉಂಟು" ಎಂದಳು. ಮುಖ ನೋಡಿದ ಕೂಡಲೇ ಗೊತ್ತಾಯಿತು. ಇಷ್ಟು ವರ್ಷ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸಿದವಳಿಗೆ ಅಷ್ಟೂ ಗೊತ್ತಾಗದಿದ್ದರೆ ಹೇಗೆ? ಕೊಡೆಯ ಹುಡುಕಾಟ ಬಿಟ್ಟು ಅವಳನ್ನು ಅಪ್ಪಿಕೊಂಡೆ. ಕ್ಲಾಸಿಗೆ ತಡವಾಯಿತು, ಆಗಲಿ.

ಡಿಸೆಂಬರಿನಲ್ಲಿ ಮದುವೆಯಾಗಿ ಬಂದ ಹುಡುಗಿ. ಈ ಮನೆಯಲ್ಲಿ ನನ್ನ ಮಾತಿಗೆ ಸರಿಯಾಗಿ ಉತ್ತರ ಕೊಡುವವಳು ಇವಳೊಬ್ಬಳೇ. ಇವರಿಗೆ ಬೋಟು ಬಿಟ್ಟರೆ ಬೇರೆ ಲೋಕವಿಲ್ಲ. ಈಗ ಮಳೆಗಾಲದ ಮೀನುಗಾರಿಕೆ ರಜೆ, ಬೋಟು ಬಂದರಿನಲ್ಲಿ ಕಟ್ಟಿ ಹಾಕಿದೆ, ಇವರು ಶಕ್ತಿನಗರದ ಮನೆಯಲ್ಲಿ ಕೂತು ಟಿ.ವಿ. ರಿಮೋಟನ್ನು ಚುಕ್ಕಾಣಿಯ ಹಾಗೆ ಹಿಡಿದಿದ್ದಾರೆ. ಮಗ ಅಕ್ಷಿತ್ ಅಪ್ಪನ ಮೀನು ಮಾರಾಟ ನೋಡಿಕೊಳ್ಳುತ್ತಾನೆ. ಬಂದರಿನಲ್ಲಿ ಗಂಟಲು ಹರಿಯುವಷ್ಟು ಕೂಗಿ ಬಂದು ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಮಗು ಮೋಕ್ಷಾಳ ಬರಿಯದ್ದಾಗುತ್ತದೆ, ಅವಳ ಕುಲದ್ದು, ನನ್ನದಲ್ಲ. ತಾಯಿಯ ವಂಶವೇ ಮಕ್ಕಳಿಗೆ ಇಳಿಯುವ ಕ್ರಮ ನಮ್ಮದು. ಅಕ್ಷಿತ್ ನನ್ನ ಬರಿ, ನಾನು ನನ್ನ ಅಮ್ಮನ ಬರಿ. ಇರಲಿ, ಎತ್ತಿಕೊಳ್ಳಲು ಒಂದು ಮಗು ಸಿಕ್ಕಿದರೆ ಸಾಕು. ಅಮ್ಮ ಇರಬೇಕಿತ್ತು. ಹೊಟ್ಟೆಯಲ್ಲಿ ನೀರು ತುಂಬಿ, ಅರುವತ್ತಾಗುವ ಮೊದಲೇ ಹೋದಳು. ಅಣ್ಣ ಬೂಬನೂ ಅದೇ ಕಾಯಿಲೆಯಲ್ಲಿ ಹೋದ. ಅವನದ್ದಾದರೆ ಕುಡಿದು ತಂದುಕೊಂಡದ್ದು, ಅಮ್ಮನಿಗೆ ಎಲ್ಲಿಂದ ಬಂತೋ. ಕಷಾಯ ಬಿಟ್ಟರೆ ಏನೂ ಕುಡಿದವಳಲ್ಲ. ಒಳ್ಳೆಯ ದಿನ ಇದೆಲ್ಲ ಏಕೆ ಬರೆದೆನೋ.

ಜೂನ್ 19

ಫಸ್ಟ್ ಪಿಯುಸಿಗೆ ಇವತ್ತು ವೈರಸ್. ನನ್ನ ಇಷ್ಟದ ಪಾಠ. ಬೋರ್ಡಿನಲ್ಲಿ ಚಿತ್ರ ಬಿಡಿಸಿದೆ. ನಡುವೆ ನ್ಯೂಕ್ಲಿಯಿಕ್ ಆಮ್ಲ. ಅದು ಡಿಎನ್‌ಎ ಇರಬಹುದು, ಆರ್‌ಎನ್‌ಎ ಇರಬಹುದು, ಎರಡೂ ಒಟ್ಟಿಗೆ ಇರುವುದಿಲ್ಲ. ಸುತ್ತ ಪ್ರೋಟೀನಿನ ಕವಚ, ಕ್ಯಾಪ್ಸಿಡ್. ಮುಗಿಯಿತು. ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರಿಲ್ಲ. ಕೆಲವಕ್ಕೆ ಮಾತ್ರ ಕವಚದ ಮೇಲೆ ಇನ್ನೊಂದು ಹೊದಿಕೆ ಇರುತ್ತದೆ, ಎನ್ವಲಪ್. ಅದೂ ಸ್ವಂತದ್ದಲ್ಲ. ಹೊಕ್ಕ ಜೀವಕೋಶದಿಂದ ಹೊರಡುವಾಗ ಅಲ್ಲಿನ ಪೊರೆಯನ್ನೇ ಸುತ್ತಿಕೊಂಡು ಹೋಗುತ್ತದೆ. "ನೆಂಟರ ಮನೆಗೆ ಬಂದು, ಉಂಡು, ಹೋಗುವಾಗ ಅವರದ್ದೇ ಸೀರೆ ಉಟ್ಟುಕೊಂಡು ಹೋದ ಹಾಗೆ" ಎಂದೆ. ಕ್ಲಾಸೆಲ್ಲ ನಕ್ಕಿತು.

ಆಮೇಲೆ ವರ್ಗೀಕರಣ. ಯಾವ ಆಮ್ಲ, ಒಂದು ಎಳೆಯೋ ಎರಡೋ, ಕವಚದ ಆಕಾರ ಯಾವುದು, ಹೊದಿಕೆ ಉಂಟೋ ಇಲ್ಲವೋ, ಇದನ್ನೆಲ್ಲ ನೋಡಿ ವರ್ಗ ಮಾಡಬೇಕು. ಯಾವ ರೋಗ ತರುತ್ತದೆ ಎಂದು ನೋಡಿ ಮಾಡಿದರೆ ದಾರಿ ತಪ್ಪುತ್ತದೆ. ಹೆಪಟೈಟಿಸ್ ಎ, ಬಿ, ಸಿ, ಇ, ಹೆಸರು ಕೇಳಿದರೆ ಅಕ್ಕತಂಗಿಯರು. ಎಲ್ಲವೂ ಕಾಮಾಲೆ, ಅಂದರೆ ನಮ್ಮ ಅರಸಿನ ಮುಂಡಿಗೆ ತರುವಂಥವೇ, ಒಳಗೆ ನೋಡಿದರೆ ಬೇರೆ ಬೇರೆ ಕುಟುಂಬ. ಎ ಮತ್ತು ಇ ಕೆಟ್ಟ ನೀರಿನಿಂದ, ಊಟದಿಂದ. ಬಿ ರಕ್ತದಿಂದ, ಗಂಡಹೆಂಡಿರ ಸಂಬಂಧದಿಂದ, ಹೆರುವಾಗ ತಾಯಿಯಿಂದ ಮಗುವಿಗೆ. "ಬಿ ಇರುವವರ ಒಟ್ಟಿಗೆ ಒಂದೇ ಬಟ್ಟಲಲ್ಲಿ ಉಂಡರೂ ಬರುವುದಿಲ್ಲ. ಪರೀಕ್ಷೆಗೆ ಬರಲಿ ಬಿಡಲಿ, ಇದನ್ನು ಸಾಯುವವರೆಗೆ ನೆನಪಿಡಿ" ಎಂದೆ.

ಮುಂದಿನ ಬೆಂಚಿನ ಯಶ್ಮಿತಾ ಎದ್ದು ನಿಂತಳು. "ಮೇಡಂ, ಅದಕ್ಕೆ ಜೀವ ಉಂಟಾ ಇಲ್ವಾ?"

"ಹೊರಗೆ ಬಿದ್ದಿರುವಾಗ ಇಲ್ಲ. ಒಳಗೆ ಬಿಟ್ಟುಕೊಂಡರೆ ಉಂಟು."

ಎಷ್ಟು ಒಳ್ಳೆಯ ಪ್ರಶ್ನೆ. ಅವಳಿಗೆ ನನ್ನ ಪೆನ್ನು ಕೊಟ್ಟೆ.

ಜೂನ್ 28

ಮೋಕ್ಷಾಳ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಪಾಸಿಟಿವ್ ಬಂದಿದೆ.

ಡಾಕ್ಟರ್ ಹಬೀಬಾ ನಮ್ಮಿಬ್ಬರನ್ನೂ ಕೂರಿಸಿ ಸಮಾಧಾನವಾಗಿ ಹೇಳಿದರು. "ಸೋಂಕು ಹೊಸತು ಅಂತ ಕಾಣ್ತದೆ ಮೇಡಂ, ಕೆಲವು ತಿಂಗಳದ್ದು. ಪ್ರಾಯದವರಿಗೆ ಬಂದ್ರೆ ಹೆಚ್ಚಿನವರಿಗೆ ಆರು ತಿಂಗಳಲ್ಲಿ ತಾನಾಗಿ ಹೋಗ್ತದೆ. ಹುಟ್ಟುವಾಗ ತಾಯಿಯಿಂದ ಬಂದ್ರೆ ಮಾತ್ರ ಜೀವಮಾನವಿಡೀ ಒಳಗೆ ಕೂತಿರ್ತದೆ, ಇರುವವರಿಗೇ ಗೊತ್ತಾಗುವುದಿಲ್ಲ. ಮಗು ಹುಟ್ಟಿದ ಕೂಡಲೇ ನಾವು ಇಂಜೆಕ್ಷನ್ ಕೊಡ್ತೇವೆ, ಹೆದರ್ಲಿಕ್ಕೆ ಎಂತ ಇಲ್ಲ. ಮನೆಯವರೆಲ್ಲ ಒಮ್ಮೆ ಟೆಸ್ಟ್ ಮಾಡಿಸಿ. ಮುಖ್ಯವಾಗಿ ಗಂಡ."

ರಿಕ್ಷಾದಲ್ಲಿ ಅವಳು ಅತ್ತಳು. ನಾನು ಕೈ ಹಿಡಿದುಕೊಂಡೇ ಇದ್ದೆ. ರಾತ್ರಿ ಊಟಕ್ಕೆ ಅವಳ ಪಕ್ಕದಲ್ಲೇ ಕೂತು, ಅವಳ ಬಟ್ಟಲಿನಿಂದ ಬಂಗುಡೆಯ ತುಂಡನ್ನು ಮುರಿದು ಬಾಯಿಗೆ ಹಾಕಿಕೊಂಡೆ. ಅವಳ ತಾಯಿ ಕುಶಲಾ ಮದುವೆಗೆ ಕೊಟ್ಟ ಸ್ಟೀಲು ಬಟ್ಟಲು, ಅಂಚಿನಲ್ಲಿ ‘ಮೋಕ್ಷಾ’ ಎಂದು ಕೊರೆಸಿದ್ದಾರೆ. ಇವರು ಬಾಯಿ ತೆರೆದು ನನ್ನನ್ನೇ ನೋಡಿದರು. "ನೋಡಿ, ಏನೂ ಆಗುವುದಿಲ್ಲ" ಎಂದೆ. ಮೋಕ್ಷಾ ನಕ್ಕಳು. ನನಗೆ ನನ್ನ ಬಗ್ಗೆ ಹೆಮ್ಮೆಯೇ ಆಯಿತು.

ಜುಲೈ 4

ಇವರಿಗೆ ಹೆದರಿಕೆ. "ಕುಮುದಿ, ನಾಲ್ಕು ಜನ ಇರುವ ಮನೆ. ಒಳಗೆ ಒಂದು ಬಾತ್‌ರೂಮು. ನೀನು ಪುಸ್ತಕ ಓದಿ ಹೇಳ್ತಿ, ರೋಗ ಪುಸ್ತಕ ಓದ್ತದಾ?" ಎಂದರು. ಚೆನ್ನಾಗಿ ಬೈದೆ. ಆದರೂ ಮಾತು ತಮಾಷೆಯಾಗಿತ್ತು, ನಾಳೆ ಸ್ಟಾಫ್‌ರೂಮಿನಲ್ಲಿ ಹೇಳಬೇಕು. ಬೇಡ, ಹೇಳಿದರೆ ಮನೆಯ ವಿಷಯ ಹೊರಗೆ ಬೀಳುತ್ತದೆ.

ಅಕ್ಷಿತ್ ಕೇಳಿದ, "ನಾನೂ ಟೆಸ್ಟ್ ಮಾಡಿಸ್ಬೇಕಾ ಅಮ್ಮ?" ಸೂಜಿ ಎಂದರೆ ಈಗಲೂ ಬೆವರುತ್ತಾನೆ. "ನಿನಗೆ ಬೇಡ, ಚಿಕ್ಕಂದಿನಲ್ಲೇ ಲಸಿಕೆ ಹಾಕಿಸಿದ್ದೇನೆ" ಎಂದೆ. ಹಾಕಿಸಿದ್ದೇನೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಆಗ ಆ ಲಸಿಕೆ ಎಲ್ಲ ಕಡೆ ಸಿಗುತ್ತಿರಲಿಲ್ಲ. ಹಾಕಿಸಿರಬೇಕು. ನಾನು ಹಾಕಿಸದೆ ಇರುತ್ತೇನಾ?

ಮೊದಲು ಮೋಕ್ಷಾಳ ತಾಯಿಯ ಟೆಸ್ಟ್ ಆಗಲಿ. ಈ ವೈರಸ್ ಇಳಿಯುವುದೇ ತಾಯಿಯಿಂದ. ಅವರ ಬರಿಯಲ್ಲಿ ಇರಬೇಕು. ನಮ್ಮ ಬರಿಯಲ್ಲಿ ಇಂಥದ್ದೆಲ್ಲ ಇಲ್ಲ.

ಜುಲೈ 11

ಕುಶಲಾ ಸುರತ್ಕಲ್‌ನಲ್ಲಿ ಟೆಸ್ಟ್ ಮಾಡಿಸಿ ಫೋನ್ ಮಾಡಿದಳು. ನೆಗೆಟಿವ್. "ದೇವರು ದೊಡ್ಡವ ಕುಮುದಿನಿಯಕ್ಕ, ನಮ್ಮಲ್ಲಿ ಯಾರಿಗೂ ಇಲ್ಲ" ಎಂದಳು. ದನಿಯಲ್ಲಿ ಎಂಥ ಸಂತೋಷ! ಮಗಳಿಗೆ ಇದೆಯಲ್ಲ, ಅದರ ಬಗ್ಗೆ ಚಿಂತೆಯಿಲ್ಲ.

ತಾಯಿಗೆ ಇಲ್ಲ. ಹಾಗಾದರೆ ಎಲ್ಲಿಂದ? ಡಾಕ್ಟರು ಹೇಳಿದ್ದು, ಹೊಸತು ಎಂದು. ಕೆಲವು ತಿಂಗಳದ್ದು.

ಜುಲೈ 16

ಇವರ ಸಮಾಧಾನಕ್ಕೆ ಎಂದು ಮೋಕ್ಷಾಳ ಬಟ್ಟಲು, ಲೋಟ ಬೇರೆ ಇಟ್ಟೆ. ಹೆಸರು ಕೊರೆಸಿದ್ದು ಒಳ್ಳೆಯದೇ ಆಯಿತು, ಬೆರೆತುಹೋಗುವುದಿಲ್ಲ. "ವಿಜ್ಞಾನಕ್ಕೆ ಇದು ಬೇಕಿಲ್ಲ ಮಗಾ, ಮಾವನಿಗಾಗಿ" ಎಂದು ಅವಳಿಗೆ ಬಿಡಿಸಿ ಹೇಳಿದೆ. "ಆಯ್ತು ಅತ್ತೆ" ಎಂದಳು. ಸ್ವಲ್ಪ ಮುಖ ಸಣ್ಣ ಮಾಡಿದಳು. ಬಸುರಿಯರಿಗೆ ಎಲ್ಲದಕ್ಕೂ ಬೇಸರ.

ಜುಲೈ 27

ಹಿಂದಿನ ಕೋಣೆ ಖಾಲಿ ಮಾಡಿಸಿದೆ. ಹಳೆ ಬಲೆ, ಥರ್ಮೊಕೋಲ್ ಪೆಟ್ಟಿಗೆ ಎಲ್ಲ ಟೆರೇಸಿಗೆ. ಮೋಕ್ಷಾಗೆ ಅಲ್ಲೇ ಹಾಸಿಗೆ. ಹಸಿರು ಬಕೆಟ್ ಅವಳದ್ದು, ಹೊರಗಿನ ಬಚ್ಚಲು ಅವಳದ್ದು. ಅಡುಗೆಕೋಣೆಗೆ ಬರುವುದು ಬೇಡ ಎಂದೆ. ಎಷ್ಟು ಸೊಸೆಯಂದಿರಿಗೆ ಸಿಗುತ್ತದೆ ಇಂಥ ವಿಶ್ರಾಂತಿ? ಅಕ್ಷಿತ್‌ನನ್ನು ನನ್ನ ಕೋಣೆಯ ಪಕ್ಕ ಮಲಗಲು ಹೇಳಿದೆ.

"ಅತ್ತೆ, ನೀವೇ ಹೇಳಿದ್ರಲ್ಲ ಬಟ್ಟಲಿಂದ ಬರುವುದಿಲ್ಲ ಅಂತ" ಎಂದಳು.

"ಹೇಳಿದ್ದೇನೆ. ಈಗ ಇದನ್ನೂ ಹೇಳ್ತಿದ್ದೇನೆ."

ಮಾತಿಗೆ ಮಾತು ಕೊಡುವ ಚಾಳಿ ಮೊದಲು ನನಗೇ ಇಷ್ಟವಾಗುತ್ತಿತ್ತು. ಯಾಕೋ.

ಆಗಸ್ಟ್ 8

ಬೋಟುಗಳು ಕಡಲಿಗಿಳಿದಿವೆ. ಅಪ್ಪ ಮಗ ಇಬ್ಬರೂ ಬೆಳಕು ಹರಿಯುವ ಮೊದಲೇ ಬಂದರಿಗೆ ಹೋಗುತ್ತಾರೆ. ಮನೆಯಲ್ಲಿ ನಾನು, ಅವಳು.

ಸಂಜೆ ಕಾಲೇಜಿನಿಂದ ಬಂದು ಚಹಾ ಕುಡಿಯುತ್ತಿದ್ದೆ. ಕೋಣೆಯ ಹೊಸ್ತಿಲಲ್ಲಿ ನಿಂತು ಕೇಳಿದಳು. "ಅತ್ತೆ, ನಿಮ್ಮ ಮಗನ ಟೆಸ್ಟ್ ಆಯ್ತಾ?"

"ಆಗಿದೆ. ಏನೂ ಇಲ್ಲ."

"ರಿಪೋರ್ಟ್ ನೋಡ್ಬಹುದಾ?"

ಏನು ಧೈರ್ಯ! ನನ್ನ ಮಾತಿಗೆ ರಿಪೋರ್ಟ್ ಬೇಕಂತೆ. ಮಾಡಿಸಿದ್ದರೂ ಅದೇ ಬರುತ್ತಿತ್ತು. ಆರೋಗ್ಯವಾಗಿರುವ ಹುಡುಗನ ಕೈಗೆ ಸೂಜಿ ಚುಚ್ಚಿಸಿ ಹೆದರಿಸುವುದು ಯಾಕೆ? ನನಗೆ ಗೊತ್ತಿರುವುದನ್ನೇ ಹೇಳಿದೆ, ಸುಳ್ಳೇನಲ್ಲ.

"ರಿಪೋರ್ಟ್ ಇರಲಿ. ಮದುವೆಗೆ ಮೊದಲು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕ್ತಿದ್ದಿಯಲ್ಲ, ಅಲ್ಲಿ ಯಾರೆಲ್ಲ ಇದ್ರು?" ಎಂದು ಕೇಳಿದೆ.

ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಬಾಗಿಲಿನ ಚೌಕಟ್ಟು ಹಿಡಿದು ನಿಂತಳು. ಆಗ ಅವಳ ಮಣಿಕಟ್ಟಿನ ಹಚ್ಚೆ ಕಂಡಿತು, ಸಣ್ಣ ನಕ್ಷತ್ರ. "ಇದೆಲ್ಲಿ ಹಾಕಿಸಿದ್ದು? ಯಾರು ಕರ್ಕೊಂಡು ಹೋದದ್ದು?" ಎಂದೆ.

"ಕಾಲೇಜಿನ ಫ್ರೆಂಡ್ಸ್ ಒಟ್ಟಿಗೆ ಅತ್ತೆ. ಆರು ವರ್ಷ ಆಯ್ತು."

ಆರು ವರ್ಷವಾದರೆ ಹೊಸ ಸೋಂಕು ಅದರಿಂದ ಬಂದದ್ದಲ್ಲ. ಹಾಗಾದರೆ ಅದಕ್ಕಿಂತ ಕೆಟ್ಟದ್ದರಿಂದ. ಲೆಕ್ಕ ಸರಿಯಾಗಿ ಬರುತ್ತದೆ.

ಆಗಸ್ಟ್ 21

ಇವರು ಬೂತಾಯಿ ತಂದಿದ್ದರು. ಹಿತ್ತಲ ನಲ್ಲಿಯ ಹತ್ತಿರ ಮೀನು ಕೊಯ್ದು ತೊಳೆಯುವ ಕೆಲಸ ಅವಳಿಗೆ ಕೊಟ್ಟಿದ್ದೇನೆ. ಅಡುಗೆ ಮಾಡಬಾರದು ನಿಜ, ಆದರೆ ಮೀನು ಹೇಗೂ ಬೇಯುತ್ತದಲ್ಲ. ಎಂತದ್ದಾದರೂ ಕೆಲಸ ಬೇಡವಾ?

ಮೆಟ್ಟುಕತ್ತಿಯಲ್ಲಿ ಬೆರಳು ಕುಯ್ದುಕೊಂಡಳು. ಆಳದ ಗಾಯ. ಸಿಮೆಂಟಿನ ಮೇಲೆಲ್ಲ ರಕ್ತ. "ಅತ್ತೆ, ಬಟ್ಟೆ ಕೊಡಿ" ಎಂದು ಕೂಗಿದಳು. ನಾನು ಬ್ಲೀಚಿಂಗ್ ಪುಡಿಯ ಡಬ್ಬಿ ತಂದು ದೂರದಲ್ಲಿಟ್ಟೆ. ರಕ್ತ ಬಿದ್ದರೆ ಬ್ಲೀಚಿಂಗ್ ಹಾಕಬೇಕು, ಇದು ಪುಸ್ತಕದಲ್ಲೇ ಉಂಟು. ನಾನು ತೊಳೆಯುವ ಹಾಗಿಲ್ಲ, ಅವಳೇ ತೊಳೆಯಬೇಕು. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಎಡಗೈಯಲ್ಲಿ ಉಜ್ಜಿದಳು. ಹೊಟ್ಟೆ ಈಗ ಸ್ವಲ್ಪ ಕಾಣುತ್ತದೆ, ಬಗ್ಗಲು ಕಷ್ಟಪಟ್ಟಳು. ಚೀಲದ ಒಳಗೆ ಪುಡಿ ಹೋಗಿರಬೇಕು, ಹಲ್ಲು ಕಚ್ಚಿಕೊಂಡು ಅಳುತ್ತಿದ್ದಳು. "ಆ ಮೂಲೆಯಲ್ಲಿ ಇನ್ನೂ ಉಂಟು" ಎಂದು ತೋರಿಸಿಕೊಟ್ಟೆ.

ಮೀನು ಬೆಕ್ಕಿಗೆ ಹಾಕಿದೆವು. ನಷ್ಟ.

ಸೆಪ್ಟೆಂಬರ್ 2

ಕೋಣೆಗೆ ಊಟ ಕೊಡುವಾಗ ಬಗ್ಗಿದರೆ ನನ್ನ ಸೊಂಟ ಹಿಡಿಯುತ್ತದೆ. ಬಟ್ಟಲನ್ನು ಹೊಸ್ತಿಲಿನ ಹತ್ತಿರ ಇಟ್ಟು ಕಾಲಿನಿಂದ ಒಳಗೆ ಸರಿಸುತ್ತೇನೆ. ಅಕ್ಷಿತ್‌ಗೂ ಹಾಗೇ ಮಾಡಲು ಹೇಳಿದ್ದೇನೆ. ಮೊದಲು ಒಪ್ಪಲಿಲ್ಲ. ಈಗ ಮಾಡುತ್ತಾನೆ.

ಸೆಪ್ಟೆಂಬರ್ 15

ಅವಳನ್ನು ಸೀಮಂತ ಮಾಡದೆಯೇ ಸುರತ್ಕಲ್‌ಗೆ, ತಾಯಿಮನೆಗೆ ಕಳಿಸಿದೆವು. ಏಳನೇ ತಿಂಗಳಲ್ಲಿ ಬಯಕೆ ಸೀಮಂತ ಮಾಡಿ, ಮಡಿಲು ತುಂಬಿ ತಾಯಿಮನೆಗೆ ಕಳಿಸುವುದು ಕ್ರಮ. ನೂರು ಜನ ಬಂದು ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವ ಕಾರ್ಯ, ಇವಳನ್ನು ನಡುವೆ ಕೂರಿಸುವುದು ಹೇಗೆ? ಕುಶಲಾ ಕಾರಿನಲ್ಲಿ ಬಂದಿದ್ದಳು. ಚಹಾ ಕೊಟ್ಟೆ, ಕುಡಿಯಲಿಲ್ಲ.

"ಕುಮುದಿನಿಯಕ್ಕ, ಇಷ್ಟು ಕಲಿತವರು ನೀವು. ನಿಮ್ಮಿಂದ ಹೀಗೆ ಆಗ್ತದೆ ಅಂತ ನಾನು ಎಣಿಸಿರ್ಲಿಲ್ಲ" ಎಂದಳು.

"ಕಲಿತದ್ದರಿಂದಲೇ ಗೊತ್ತಾದದ್ದು ಕುಶಲಾ. ಕಲಿಯದವರಿಗಾದರೆ ನಿಮ್ಮ ಮಗಳು ಮಂಕುಬೂದಿ ಎರಚುತ್ತಿದ್ದಳು."

ಮದುವೆಗೆ ನಾವು ಕೊಟ್ಟ ನೀಲಿ ಸೀರೆ ಉಟ್ಟುಕೊಂಡೇ ಹೊರಟಳು. ಎನ್ವಲಪ್. ಕ್ಲಾಸಿನಲ್ಲಿ ಹೇಳುವುದು ಸುಮ್ಮನೆ ಅಲ್ಲ. ಗೇಟಿನ ಹತ್ತಿರ ತಿರುಗಿ ಅಕ್ಷಿತ್‌ನನ್ನು ನೋಡಿದಳು. ಅವನು ನನ್ನನ್ನು ನೋಡಿದ. ನಾನು ಬಾಗಿಲು ಹಾಕಿದೆ.

ಬಟ್ಟಲು ಬಿಟ್ಟುಹೋಗಿದ್ದಾಳೆ. ಟೆರೇಸಿನಲ್ಲಿ ಬಲೆಯ ಕೆಳಗೆ ಹಾಕಿಸಿದೆ.

ಅಕ್ಟೋಬರ್ 6

ಅಕ್ಷಿತ್ ದಿನವೂ ಅವಳಿಗೆ ಫೋನ್ ಮಾಡುತ್ತಿದ್ದ. ಇವತ್ತು ಕೂರಿಸಿಕೊಂಡು ಹೇಳಿಬಿಟ್ಟೆ. ಸೋಂಕು ಹೊಸತು, ನಿನ್ನಿಂದ ಬಂದದ್ದಲ್ಲ. ಹಾಗಾದರೆ ಇನ್ನೊಬ್ಬ ಇದ್ದ. ಆ ಮಗು ಯಾರದ್ದು ಎಂದು ನಿನಗೆ ಗೊತ್ತುಂಟಾ?

ಚಿಕ್ಕ ಮಗುವಿನ ಹಾಗೆ ಅತ್ತ. ತಲೆ ಸವರಿದೆ. ನನ್ನ ತೊಡೆಯ ಮೇಲೆ ತಲೆಯಿಟ್ಟು ಎಷ್ಟು ವರ್ಷವಾಗಿತ್ತು. ಒಂದು ರೀತಿಯಲ್ಲಿ ಮನೆ ಮೊದಲಿನ ಹಾಗಾಯಿತು.

ನವೆಂಬರ್ 13

ಕ್ಲಾಸಿನಲ್ಲಿ ರಿವಿಷನ್. ಯಶ್ಮಿತಾ ಎದ್ದು, "ಮೇಡಂ, ಹೆಪಟೈಟಿಸ್ ಬಿ ಇರುವವರ ಒಟ್ಟಿಗೆ ಊಟ ಮಾಡ್ಬಹುದು ಅಂತ ನೀವು ಹೇಳಿದ್ರಿ. ನಮ್ಮ ಮನೆಯಲ್ಲಿ ಯಾರೂ ನಂಬುವುದಿಲ್ಲ" ಎಂದಳು.

"ಪರೀಕ್ಷೆಗೆ ಬರುವುದನ್ನು ಓದು. ಅಧಿಕಪ್ರಸಂಗ ಬೇಡ" ಎಂದು ಕೂರಿಸಿದೆ. ಕೆಲವು ಮಕ್ಕಳಿಗೆ ಸಲಿಗೆ ಕೊಡಬಾರದು.

ಜನವರಿ 17, 2025

ಹೆತ್ತಳಂತೆ. ಹೆಣ್ಣು. ಅವರ ಬರಿ, ಅವರ ಪಾಲು. ಇವರು ನೋಡಿಬರುವ ಎಂದರು. "ಹೋಗಿ, ಬರುವಾಗ ರೋಗವನ್ನೂ ತನ್ನಿ" ಎಂದೆ. ಪುನಃ ಟಿ.ವಿ. ಹಾಕಿದರು. ವಕೀಲರ ಹತ್ತಿರ ಮಾತಾಡಿಯಾಗಿದೆ, ವಿಚ್ಛೇದನದ ಕಾಗದ ಅಲ್ಲಿಗೆ ಹೋಗುತ್ತದೆ.

ಫೆಬ್ರವರಿ 12

ಕಾಲೇಜಿನಲ್ಲಿ ರಕ್ತದಾನ ಶಿಬಿರ. ಪ್ರತಿ ವರ್ಷ ನಾನೇ ನಡೆಸುವುದು. ಹಿಮೋಗ್ಲೋಬಿನ್ ಕಡಿಮೆ ಎಂದು ನನ್ನ ರಕ್ತ ಒಮ್ಮೆಯೂ ತೆಗೆದುಕೊಂಡಿರಲಿಲ್ಲ. ಈ ಸಲ ಸಾಕಾಗುತ್ತದೆ ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು, ಮೊದಲ ಮಂಚದಲ್ಲಿ ನಾನೇ ಮಲಗಿದೆ. ಫೋಟೋ ಚೆನ್ನಾಗಿ ಬಂದಿದೆ. ಚೀಲ ತುಂಬುವುದನ್ನು ನೋಡುವಾಗ ಸಂತೋಷವಾಯಿತು. ಯಾರಿಗೋ ಒಳ್ಳೆಯದಾಗಲಿ.

ಫೆಬ್ರವರಿ 20

ಬ್ಲಡ್ ಬ್ಯಾಂಕಿನಿಂದ ಫೋನ್ ಬಂತು. ಒಮ್ಮೆ ಬಂದು ಹೋಗಿ ಮೇಡಂ ಎಂದರು. ಪ್ರಮಾಣಪತ್ರ ಇರಬೇಕು.

ಫೆಬ್ರವರಿ 22

ಪ್ರಮಾಣಪತ್ರ ಅಲ್ಲ.

ಫೆಬ್ರವರಿ 28

ಬರೆಯುವುದು ಬೇಡ ಎಂದಿದ್ದೆ. ಎಲ್ಲಿಯಾದರೂ ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಬ್ಲಡ್ ಬ್ಯಾಂಕಿನವರು ತೋರಿಸಲು ಹೇಳಿದ ಡಾಕ್ಟರ್ ಡೆರಿಲ್ ಚಿಕ್ಕ ಪ್ರಾಯದವರು, ನನ್ನ ಹಳೆಯ ವಿದ್ಯಾರ್ಥಿ. ನನ್ನನ್ನು ಕಂಡು ಎದ್ದು ನಿಂತರು, ಅದೇ ಹೆಚ್ಚು ಕಷ್ಟವಾಯಿತು. ಹೆಪಟೈಟಿಸ್ ಬಿ. ಇನ್ನೂ ಟೆಸ್ಟ್‌ಗಳನ್ನು ಮಾಡಿಸಿದರು, ಲಿವರ್ ಸ್ಕ್ಯಾನ್ ಮಾಡಿಸಿದರು. ಇವತ್ತು ಎಲ್ಲವನ್ನೂ ಮುಂದಿಟ್ಟುಕೊಂಡು ಹೇಳಿದರು.

"ಮೇಡಂ, ಇದು ಹೊಸ ಸೋಂಕಲ್ಲ. ಲಿವರ್ ಗಟ್ಟಿಯಾಗ್ಲಿಕ್ಕೆ ಶುರುವಾಗಿದೆ. ಹತ್ತಾರು ವರ್ಷದ ಕತೆ ಇದು, ಹುಟ್ಟುವಾಗಲೇ ಬಂದಿರ್ಬೇಕು. ನಿಮ್ಮ ತಾಯಿ ಹೇಗೆ ಹೋದದ್ದು?"

ಹೇಳಿದೆ. ಒಡಹುಟ್ಟಿದವರು ಎಂದು ಕೇಳಿದರು. ಬೂಬಣ್ಣನ ವಿಷಯವನ್ನೂ ಹೇಳಿದೆ.

"ಮದ್ದು ಉಂಟು, ದಿನಕ್ಕೊಂದು ಮಾತ್ರೆ. ಆದ್ರೆ ಮಗನನ್ನು ಕೂಡಲೇ ಕರ್ಕೊಂಡು ಬನ್ನಿ. ನಿಮ್ಮಿಂದ ಅವರಿಗೆ ಇಳಿದಿರುವ ಸಾಧ್ಯತೆ ತುಂಬಾ ಉಂಟು. ಪ್ರಾಯದಲ್ಲಿ ಗೊತ್ತಾಗುವುದಿಲ್ಲ, ಒಳಗೊಳಗೆ ಲಿವರ್ ಹಾಳಾಗ್ತಾ ಹೋಗ್ತದೆ. ಮದುವೆ ಆಗಿದೆಯಾ? ಹೆಂಡತಿಯದ್ದೂ ನೋಡ್ಬೇಕು."

ಮಗ ಕಡಲಿಗೆ ಹೋಗಿದ್ದಾನೆ ಎಂದೆ.

ಬಸ್ಸಿಗೆ ಕಾಯಲಿಲ್ಲ, ನಡೆದುಬಿಟ್ಟೆ. ಅಮ್ಮನಿಂದ ನನಗೆ, ನನ್ನಿಂದ ಅಕ್ಷಿತ್‌ಗೆ. ನನ್ನ ಬರಿ. ಅಕ್ಷಿತ್‌ನಿಂದ, ಆ ಹುಡುಗಿಗೆ. ಪಾಠದ ಹಾಗೆ ಸಾಲಾಗಿ ಕೂತಿದೆ, ಒಂದು ಎಳೆಯೂ ತಪ್ಪಿಲ್ಲ. ಬೋರ್ಡಿನ ಮೇಲೆ ಬರೆದು ತೋರಿಸಬಹುದು.

ಮನೆಗೆ ಬಂದಾಗ ಇಬ್ಬರೂ ಚಾವಡಿಯಲ್ಲಿದ್ದರು. ನನ್ನ ಮುಖ ನೋಡಿ ಇವರು ಎದ್ದರು. "ಎಂತ ಆಯ್ತು ಕುಮುದಿ?"

ಹೇಳಬೇಕೆಂದೇ ಬಂದಿದ್ದೆ. ಅಕ್ಷಿತ್ ನನ್ನನ್ನೇ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಈಗ ಉಳಿದಿರುವುದು ನಾನೊಬ್ಬಳೇ. ಬಾಯಿಗೆ ಬಂದದ್ದು ಇಷ್ಟು: "ಅವಳಿದ್ದಳಲ್ಲ, ಹೋಗುವಾಗ ನನಗೆ ಕೊಟ್ಟು ಹೋಗಿದ್ದಾಳೆ."

ಅಕ್ಷಿತ್ ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಎಸೆದ. ಆಮೇಲೆ ಅಂಗಳಕ್ಕೆ ಹೋಗಿ ಅವಳಿಗೆ ಫೋನ್ ಮಾಡಿದ. ಏನೇನು ಬೈದ ಎಂದು ನಾಲ್ಕು ಮನೆಗೆ ಕೇಳಿರಬೇಕು. ನಾನು ತಡೆಯಲಿಲ್ಲ. ಆ ಹುಡುಗಿ ಬಾಣಂತಿ ಎಂದು ಆಮೇಲೆ ನೆನಪಾಯಿತು.

ಮಾರ್ಚ್ 9

ಕುಶಲಾ ಫೋನ್ ಮಾಡಿದಳು. ಬೈಯಲು ಮಾಡಿದಳು ಎಂದುಕೊಂಡೆ. ಇಲ್ಲ.

"ಟೀಚರ್," ಎಂದಳು. ಅಕ್ಕ ಅನ್ನಲಿಲ್ಲ. "ಮೋಕ್ಷಾಗೆ ಪುನಃ ಟೆಸ್ಟ್ ಮಾಡಿಸಿದ್ದೇವೆ. ನೆಗೆಟಿವ್ ಬಂದಿದೆ. ಪೂರ್ತಿ ಹೋಗಿದೆಯಂತೆ. ಮಗುವಿಗೆ ಹುಟ್ಟಿದ ಕೂಡಲೇ ಇಂಜೆಕ್ಷನ್ ಆಗಿದೆ. ಡಾಕ್ಟರ್ ಹಬೀಬಾ ಹೇಳಿದ್ರು, ಮದುವೆ ಆದ ಮೇಲೆ ಬಂದದ್ದು, ಗಂಡನದ್ದು ನೋಡ್ಲೇಬೇಕು ಅಂತ. ನಮಗೆ ನಿಮ್ಮ ಮನೆ ಬೇಡ. ಮೋಕ್ಷಾ ಹೇಳಿದ್ದಕ್ಕೆ ಫೋನ್ ಮಾಡಿದ್ದು. ಅಕ್ಷಿತ್‌ಗೆ ಒಮ್ಮೆ ಟೆಸ್ಟ್ ಮಾಡಿಸಿ ಅಂತ ಹೇಳಿ ಅಂದಳು. ನಾವು ಮಾಡಿದ್ರೆ ಅವನು ಫೋನ್ ಎತ್ತುವುದಿಲ್ಲ. ಅಷ್ಟೇ."

"ಆಯ್ತು" ಎಂದೆ.

"ಹೇಳ್ತೀರಲ್ಲ?"

"ಹೇಳ್ತೇನೆ."

ಅಕ್ಷಿತ್ ಪಕ್ಕದಲ್ಲೇ ಕೂತು ಮೊಬೈಲ್ ನೋಡುತ್ತಿದ್ದ. "ಯಾರದ್ದಮ್ಮ?" ಎಂದ. ಬ್ಯಾಂಕಿನವರು ಎಂದೆ.

ಅವಳಿಗೆ ಪೂರ್ತಿ ಹೋಗಿದೆ. ಅವಳಿಗೆ ಮಾತ್ರ.

ಮಾರ್ಚ್ 14

ಕಾಲೇಜಿನಿಂದ ಬಂದಾಗ ನನ್ನ ಹಾಸಿಗೆ ಹಿಂದಿನ ಕೋಣೆಯಲ್ಲಿತ್ತು. ನನ್ನ ಸೀರೆಗಳು ಒಂದು ಪೆಟ್ಟಿಗೆಯಲ್ಲಿ. ಬಾಗಿಲ ಹತ್ತಿರ ಹಸಿರು ಬಕೆಟ್. ಇವರು ಟೆರೇಸಿನಿಂದ ಆ ಬಟ್ಟಲನ್ನೂ ಹುಡುಕಿ ತಂದು ಬ್ಲೀಚಿಂಗ್ ಹಾಕಿ ಉಜ್ಜಿದ್ದಾರೆ. ಹೆಸರು ಕೊರೆದ ಗೆರೆಗಳಲ್ಲಿ ಪುಡಿ ಬೆಳ್ಳಗೆ ಕೂತಿದೆ, ‘ಮೋಕ್ಷಾ’ ಮೊದಲಿಗಿಂತ ಸ್ಪಷ್ಟ ಕಾಣುತ್ತದೆ.

"ಎಂತ ಇದು?" ಎಂದೆ.

ಇವರು ಚಾವಡಿಯಿಂದಲೇ ಮಾತಾಡಿದರು. ಹತ್ತಿರ ಬರಲಿಲ್ಲ. "ಬೇಸರ ಮಾಡ್ಬೇಡ ಕುಮುದಿ. ನೀನೇ ಹೇಳಿದ್ದಲ್ವಾ, ಒಂದೇ ಮನೆಯಲ್ಲಿ ಇದ್ದದ್ದಕ್ಕೆ ಅವಳಿಂದ ನಿಂಗೆ ಬಂತು ಅಂತ. ನಂಗೂ ಪ್ರಾಯ ಆಯ್ತು ಮಾರಾಯ್ತಿ. ಹುಡುಗನೂ ಇದ್ದಾನೆ."

ಬಟ್ಟಲಿನಿಂದ ಬರುವುದಿಲ್ಲ ಎನ್ನಲು ಬಾಯಿ ತೆರೆದೆ. ರಕ್ತದಿಂದ, ಗಂಡಹೆಂಡಿರ ಸಂಬಂಧದಿಂದ, ಹೆರುವಾಗ ತಾಯಿಯಿಂದ ಮಗುವಿಗೆ. ಪಾಠ ನಾಲಗೆಯ ತುದಿಯಲ್ಲಿತ್ತು. ಆದರೆ ಬಟ್ಟಲಿನಿಂದ ಬರುವುದಿಲ್ಲವಾದರೆ ಅವಳಿಂದ ನನಗೆ ಬಂದದ್ದು ಹೇಗೆ ಎಂದು ಕೇಳುತ್ತಾರೆ. ಇವರು ಕೇಳದಿದ್ದರೂ ಅಕ್ಷಿತ್ ಕೇಳುತ್ತಾನೆ. ಅವಳಿಂದ ಅಲ್ಲವಾದರೆ ಯಾರಿಂದ, ಅವಳಿಗೆ ಯಾರಿಂದ, ಎಂದು ಒಂದೊಂದೇ ಮೆಟ್ಟಿಲು ಇಳಿಯುತ್ತಾನೆ. ಇಳಿದು ತನ್ನ ಮಗಳ ಹತ್ತಿರ ಹೋಗಿ ನಿಲ್ಲುತ್ತಾನೆ. ಆಮೇಲೆ ನನ್ನ ಕಡೆ ತಿರುಗುತ್ತಾನೆ.

ಬಾಯಿ ಮುಚ್ಚಿದೆ. ಕೋಣೆಯ ಒಳಗೆ ಹೋಗಿ ಕೂತೆ.

ಊಟ ತಂದದ್ದು ಅಕ್ಷಿತ್. ಹೊಸ್ತಿಲಿನ ಹತ್ತಿರ ಬಟ್ಟಲಿಟ್ಟು ಕಾಲಿನಿಂದ ಒಳಗೆ ಸರಿಸಿದ. ಹೇಳಿಕೊಟ್ಟದ್ದನ್ನು ಮರೆತಿಲ್ಲ. ಸಾರು ಅಂಚಿನಿಂದ ಸ್ವಲ್ಪ ಚೆಲ್ಲಿತು.

"ನೀನು ಉಂಡೆಯಾ?" ಎಂದು ಕೇಳಿದೆ.

"ಬೇಡ ಅಮ್ಮ. ಈಗೀಗ ಮೀನಿನ ವಾಸನೆಗೇ ವಾಂತಿ ಬರ್ತದೆ. ಸುಸ್ತು ಬೇರೆ."

"ಬಿಸಿಲಿನಲ್ಲಿ ತಿರುಗಿ ಹಾಗಾಗ್ತದೆ. ಎಳನೀರು ಕುಡಿ."

ಬಾಗಿಲಲ್ಲಿ ನಿಂತೇ ಇದ್ದ. ಕಣ್ಣು ಸ್ವಲ್ಪ ಹಳದಿ ಕಂಡಿತು. ಟ್ಯೂಬ್‌ಲೈಟಿನ ಬೆಳಕು ಇರಬೇಕು. ಬರುವ ಆದಿತ್ಯವಾರ ಸುಪ್ರೀತಾ ಎಂಬ ಹುಡುಗಿಯನ್ನು ನೋಡಲು ಹೋಗಲಿಕ್ಕುಂಟು, ಕೋರ್ಟಿನ ಕೆಲಸ ಮುಗಿಯುವ ಮೊದಲೇ ಒಂದು ಕಡೆ ಮಾತಾಡಿಟ್ಟರೆ ಒಳ್ಳೆಯದು. ಒಳ್ಳೆಯ ಮನೆತನ, ಹುಡುಗಿ ಗಟ್ಟಿಮುಟ್ಟಾಗಿದ್ದಾಳೆ. ಬಿಳಿ ಅಂಗಿ ಹಾಕುವುದು ಬೇಡ, ಅದರಲ್ಲಿ ಕಣ್ಣು ಎದ್ದು ಕಾಣುತ್ತದೆ. ನೀಲಿ ಅಂಗಿಗೆ ಇಸ್ತ್ರಿ ಹಾಕಿಡಲು ಇವರಿಗೆ ಹೇಳಬೇಕು. ಅವನ ಬಟ್ಟೆಯನ್ನು ಇನ್ನು ನಾನು ಮುಟ್ಟುವ ಹಾಗಿಲ್ಲ.